ಗೋಡೆ ನೋಡಿ ಕಲಿತ ಗಣಿತ

ಸುರೇಖಾ ಟೀಚರ್ ಗೋಡೆಗಳ ಮೇಲೆಲ್ಲ ಬರೆಸಿದ್ದು ಮಕ್ಕಳು ಉದ್ಧಾರವಾಗಲಿ ಎಂದೇ. ಅದರಲ್ಲಿ ಯಾರಿಗೂ ಅನುಮಾನ ಬೇಡ. ತಾವರಗೇರಾ ರಸ್ತೆಯ ಒಂದು ಊರಿನ ಸರಕಾರಿ ಶಾಲೆಯಲ್ಲಿ ಎಂಟನೇ ತರಗತಿಯ ಕೋಣೆಗೆ ಕಾಲಿಟ್ಟರೆ ಸುತ್ತಲೂ ಗಣಿತವೇ. ಬಲಕ್ಕೆ ಕಿಟಕಿಯ ಪಕ್ಕ ತ್ರಿಜ್ಯ, ಅದರ ಕೆಳಗೆ ವ್ಯಾಸ, ಹಿಂದೆ ಬಾಗಿಲಿನ ನೆತ್ತಿಯ ಮೇಲೆ ಪರಿಧಿ, ಕಪಾಟಿನ ಹತ್ತಿರ ಅಂಶ ಮತ್ತು ಛೇದ, ಎಡಗೋಡೆಯ ತುದಿಗೆ ಕರ್ಣ. ಒಂದೊಂದು ಶಬ್ದದ ಕೆಳಗೂ ನೀಲಿ ಅಕ್ಷರದಲ್ಲಿ ಅದರ ಅರ್ಥ. ನೋಡಲು ಬಂದ ಅಧಿಕಾರಿಗಳು ಫೋಟೋ ಹೊಡೆದುಕೊಂಡು ಹೋಗಿದ್ದರು. ಹೊಗಳಿಸಿಕೊಂಡ ಟೀಚರ್ ಆ ದಿನ ಮನೆಗೆ ಹೋಗಿ ಹೋಳಿಗೆ ಮಾಡಿದ್ದರು.

"ಕರ್ಣ ಅಂದ್ರ?" ಎಂದು ಟೀಚರ್ ಕೇಳಿದರೆ ಸಾಕು, ಇಡೀ ತರಗತಿಯ ಕತ್ತು ಒಮ್ಮೆಗೇ ಎಡಕ್ಕೆ ಹೊರಳಿ ಮೇಲಕ್ಕೆದ್ದು, "ಚತುರ್ಭುಜದ ಅಭಿಮುಖ ಶೃಂಗಗಳನ್ನು ಸೇರಿಸುವ ರೇಖಾಖಂಡ!" ಎಂದು ಹಂಚು ಹಾರುವ ಹಾಗೆ ಕೂಗುತ್ತಿತ್ತು. ಸ್ಕಾಲರ್‌ಶಿಪ್ ಪರೀಕ್ಷೆ ಹತ್ತಿರ ಬಂದಾಗ ಟೀಚರಿಗೆ ಸಣ್ಣ ದಿಗಿಲು ಹತ್ತಿತು. ಮಕ್ಕಳು ಓದಿ ಹೇಳುತ್ತಿದ್ದಾರೋ, ನೆನಪಿನಿಂದಲೋ? ಗೋಡೆಗಳಿಗೆಲ್ಲ ಹಳೇ ಪೇಪರು ಅಂಟಿಸಿ ಮತ್ತೆ ಕೇಳಿದರು. ಕತ್ತುಗಳು ಅದೇ ಜಾಗಕ್ಕೆ ಹೊರಳಿದವು, ಪೇಪರು ನೋಡುತ್ತಲೇ ಮಕ್ಕಳು ಒಂದಕ್ಷರ ತಪ್ಪದೆ ಒಪ್ಪಿಸಿದರು. ಟೀಚರಿಗೆ ನಗು ಬಂತು, ಸಮಾಧಾನವೂ ಆಯಿತು.

ಎಲ್ಲರಿಗಿಂತ ಚುರುಕು ಗಾಳೆಮ್ಮ. ತಾವರಗೇರಾ ಸಂತೆಯಲ್ಲಿ ಮೆಣಸಿನಕಾಯಿ ಮಾರುವ ಮಾರೆವ್ವನ ಮಗಳು. ಆ ಊರಲ್ಲಿ ಹೈಸ್ಕೂಲು ಇಲ್ಲ. ಸ್ಕಾಲರ್‌ಶಿಪ್ ಬಂದರೆ ಮಾತ್ರ ಮಗಳನ್ನು ಮುಂದೆ ಓದಿಸುತ್ತೇನೆ, ಇಲ್ಲವಾದರೆ ಸಂತೆಗೆ ಕರೆದುಕೊಂಡು ಹೋಗುತ್ತೇನೆ ಎಂದು ಮಾರೆವ್ವ ಟೀಚರ ಮುಂದೆಯೇ ಹೇಳಿದ್ದಳು. ಟೀಚರ್ ಒಮ್ಮೆ ಹಲಗೆಯ ಮೇಲೆ ಚತುರ್ಭುಜ ಬರೆದು, "ಇದಕ್ಕ ಕರ್ಣ ಎಳಿ ನೋಡೋಣ" ಎಂದು ಗಾಳೆಮ್ಮನ ಕೈಗೆ ಸೀಮೆಸುಣ್ಣ ಕೊಟ್ಟಿದ್ದರು. ಹುಡುಗಿ ಸೀಮೆಸುಣ್ಣ ಹಿಡಿದುಕೊಂಡು ಎಡಗೋಡೆಯ ತುದಿ ನೋಡುತ್ತ ನಿಂತುಬಿಟ್ಟಳು. ಗೆರೆ ಎಳೆಯಲಿಲ್ಲ.

"ಇರ್ಲಿ ಬಿಡು, ಪರೀಕ್ಷ್ಯಾಗ ಗೆರಿ ಎಳಿಯಾಕ ಕೇಳಂಗಿಲ್ಲ" ಎಂದು ಟೀಚರ್ ಹಲಗೆ ಒರೆಸಿದರು. ಸರಿಯುತ್ತರದ ವೃತ್ತಕ್ಕೆ ಪೆನ್ನಿನಿಂದ ಬರೀ ಗುಂಡು ಹೊಡೆಯುವ ಪರೀಕ್ಷೆ, ಗೆರೆ ಯಾಕೆ? ಹಾಗೆ ತಮಗೆ ತಾವೇ ಹೇಳಿಕೊಂಡರು.

ಪರೀಕ್ಷೆ ಭಾನುವಾರ, ಕುಷ್ಟಗಿಯಲ್ಲಿ. ಟೀಚರ್ ಮಕ್ಕಳನ್ನು ಟಂಟಂ ಆಟೋದಲ್ಲಿ ತುಂಬಿಕೊಂಡು ಹೋಗಿ, ಕೇಂದ್ರದ ಒಳಗೆ ಕಳಿಸಿ, ಉಳಿದ ಶಿಕ್ಷಕರ ಜೊತೆ ಬೇವಿನ ಗಿಡದ ನೆರಳಿಗೆ ಕೂತಿದ್ದರು. ಅಷ್ಟರಲ್ಲಿ ಕೇಂದ್ರದ ಮುಖ್ಯಸ್ಥರು ಅವಸರದಲ್ಲಿ ಬಂದರು. ಒಬ್ಬ ಮೇಲ್ವಿಚಾರಕಿಗೆ ಜ್ವರವಂತೆ, ಬಂದಿಲ್ಲವಂತೆ.

"ಸುರೇಖಾ ಮೇಡಂ, ನೀವು ಬರ್ರಿ. ನಿಮ್ಮಂಥಾ ಜವಾಬ್ದಾರಿ ಇದ್ದವ್ರು ಬೇಕು. ಆ ಕೊನೀ ರೂಮಿನಾಗ ನಿಮ್ಮ ಸಾಲಿ ಹುಡುಗ್ರು ಯಾರೂ ಇಲ್ಲಲ್ರಿ?"

"ಇಲ್ರಿ ಸರ್" ಎಂದುಬಿಟ್ಟರು ಟೀಚರ್. ತಮ್ಮ ಮಕ್ಕಳ ನಂಬರು ಯಾವ ಕೋಣೆಯಲ್ಲಿವೆ ಎಂದು ನೋಡಿರಲಿಲ್ಲ. ಅಷ್ಟು ಜನರ ನಡುವೆ ತನ್ನನ್ನೇ ಆರಿಸಿ ಕರೆದದ್ದಕ್ಕೆ ಉಬ್ಬಿದ್ದರು, ಅಷ್ಟೇ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಇಲ್ಲಿ ಅಡಿಕೆಯೂ ಇರಲಿಲ್ಲ, ಒಂದು ಹೊಗಳಿಕೆ ಮಾತಿಗೇ ಹೋಯಿತು.

ಕೋಣೆಯೊಳಗೆ ಹೋದರೆ ಎರಡನೇ ಬೆಂಚಿನಲ್ಲಿ ಗಾಳೆಮ್ಮ! ಟೀಚರನ್ನು ಕಂಡು ಹುಡುಗಿಯ ಮುಖ ಅರಳಿತು. ಟೀಚರ್ ಹುಬ್ಬು ಗಂಟಿಕ್ಕಿ, ಗುರುತು ತೋರಿಸಬೇಡ ಎಂಬಂತೆ ತುಸು ತಲೆಯಾಡಿಸಿದರು. ಹುಡುಗಿ ಜಾಣೆ, ನಗು ನುಂಗಿ ತಲೆ ತಗ್ಗಿಸಿದಳು. ಆಗಲೇ ಹೊರಗೆ ಹೋಗಿ "ಸರ್, ತಪ್ಪಾತು, ನಮ್ಮ ಹುಡುಗಿ ಇದಾಳ" ಅಂದಿದ್ದರೆ ಬೇರೆ ಕೋಣೆಗೆ ಹಾಕುತ್ತಿದ್ದರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಇನ್ನು ಯಾಕೆ ರಂಪ, ಸುಮ್ಮನೆ ಕೂತರೆ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡರು.

ಆ ಕೋಣೆಯ ಇನ್ನೊಬ್ಬ ಮೇಲ್ವಿಚಾರಕರು ದೊಡ್ಡಬಸಪ್ಪ ಮಾಸ್ತರು. ಕುಷ್ಟಗಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು. ದನಿ ದೊಡ್ಡದು, ಮೀಸೆ ಅದಕ್ಕಿಂತ ದೊಡ್ಡದು.

ಗಣಿತದ ಪ್ರಶ್ನೆಗಳು ಶುರುವಾದದ್ದು ಸುರೇಖಾ ಟೀಚರಿಗೆ ಗಾಳೆಮ್ಮನ ಕತ್ತಿನಿಂದಲೇ ಗೊತ್ತಾಯಿತು. ಕತ್ತು ಬಲಕ್ಕೆ ಹೋದರೆ ತ್ರಿಜ್ಯ. ತುಸು ಕೆಳಗಿಳಿದರೆ ವ್ಯಾಸ. ಹಿಂದಕ್ಕೆ ಹೊರಳಿ ಮೇಲೆದ್ದರೆ ಪರಿಧಿ. ಹುಡುಗಿ ಯಾವ ಪ್ರಶ್ನೆಯಲ್ಲಿದ್ದಾಳೆ ಎಂದು ಕೂತಲ್ಲಿಂದಲೇ ಹೇಳಬಹುದಿತ್ತು. ಮೊದಮೊದಲು ಟೀಚರಿಗೆ ಖುಷಿಯೇ ಆಯಿತು. ಆಮೇಲೆ ನೋಡಿದರೆ ಗಾಳೆಮ್ಮನ ಎಡಕ್ಕೆ ಬೇರೆ ಶಾಲೆಯ ಒಬ್ಬ ಹುಡುಗ ಕೂತಿದ್ದ, ಬಲಕ್ಕೆ ಒಬ್ಬ ಹುಡುಗಿ. ದೊಡ್ಡಬಸಪ್ಪ ಮಾಸ್ತರರ ಕಣ್ಣು ಆಗಲೇ ಅಲ್ಲಿ ನೆಟ್ಟಿತ್ತು.

"ಏ ತಂಗೀ, ಕುತ್ತಿಗಿ ಹಿಡಕೊಂಡೈತೇನು? ನೆಟ್ಟಗ ಕುಂದ್ರು."

ಗಾಳೆಮ್ಮ ನೆಟ್ಟಗೆ ಕೂತಳು. ಪ್ರಶ್ನೆ ಓದಿದಳು. ಪಾಪ, ಕತ್ತು ತನ್ನಷ್ಟಕ್ಕೆ ಎಡಕ್ಕೆ ಹೊರಳಿ ಮೇಲೆದ್ದಿತು. ಕರ್ಣದ ಪ್ರಶ್ನೆ.

ಮಾಸ್ತರು ದಡದಡನೆ ಬಂದು ಉತ್ತರದ ಹಾಳೆ ಕಸಿದುಕೊಂಡರು. "ಎದ್ದು ನಿಲ್ಲು! ಯಾರ್ದು ನೋಡಿ ಗುಂಡು ಹೊಡಿಯಾಕತ್ತಿ?"

"ಯಾರ್ದೂ ಇಲ್ರಿ ಸರ್. ಗೋಡಿ ನೋಡಾಕತ್ತಿದ್ದೆ ರೀ."

ಇಡೀ ಕೋಣೆ ಗೊಳ್ಳೆಂದಿತು. ಗೋಡೆಯ ಮೇಲೆ ಸುಣ್ಣ ಬಿಟ್ಟರೆ ಮತ್ತೇನೂ ಇರಲಿಲ್ಲ.

"ಗೋಡ್ಯಾಗ ಏನೈತಿ?"

"ಏನಿಲ್ರಿ."

"ಮತ್ತ?" ಮಾಸ್ತರರ ದನಿ ಏರಿತು. "ನನಗ ಮಂಗ್ಯಾ ಮಾಡ್ತೀಯೇನು? ಯಾವ ಊರು ನಿಂದು? ಗಣಿತಕ್ಕ ಯಾರು ಟೀಚರ್? ಹೆಸರು ಹೇಳು. ಪರೀಕ್ಷ್ಯಾಗ ಹಿಂಗ ಆ ಕಡೆ ಈ ಕಡೆ ನೋಡಂತ ಕಲಿಸ್ಯಾರೇನು ಅವರು?"

ಗಾಳೆಮ್ಮ ಊರಿನ ಹೆಸರು ಹೇಳಿದಳು. ಆಮೇಲೆ ಸುರೇಖಾ ಟೀಚರ್ ಕಡೆ ನೋಡಿದಳು.

ಹೇಳಬೇಕಾದದ್ದು ಒಂದೇ ಮಾತು: ಸರ್, ಈಕೆ ನನ್ನ ವಿದ್ಯಾರ್ಥಿ, ನಮ್ಮ ತರಗತಿಯ ಗೋಡೆಯಲ್ಲಿ ಶಬ್ದಗಳಿವೆ, ಆ ಜಾಗ ನೋಡಿದರೇ ಇವಳಿಗೆ ನೆನಪಾಗುವುದು, ಕಾಪಿ ಅಲ್ಲ. ಟೀಚರಿಗೆ ಎಲ್ಲ ಗೊತ್ತಿತ್ತು. ಹೇಳಿದರೆ, ನಿಮ್ಮ ಹುಡುಗಿ ಇರುವ ಕೋಣೆಗೆ ನೀವು ಹೇಗೆ ಬಂದಿರಿ ಎನ್ನುತ್ತಾರೆ, ಮುಖ್ಯಸ್ಥರಿಗೆ ಸುಳ್ಳು ಹೇಳಿದ್ದು ಬಯಲಾಗುತ್ತದೆ, ನೋಟಿಸು ಬರುತ್ತದೆ ಎಂಬುದೂ ಗೊತ್ತಿತ್ತು. ಅವರು ಮೇಜಿನ ಮೇಲಿದ್ದ ಉಳಿದ ಪ್ರಶ್ನೆಪತ್ರಿಕೆಗಳನ್ನು ಜೋಡಿಸತೊಡಗಿದರು. ಅವು ಆಗಲೇ ನೆಟ್ಟಗಿದ್ದವು. ಕತ್ತೆತ್ತಲಿಲ್ಲ.

"ನಮ್ಮ ಸಾಲ್ಯಾಗ ಗಣಿತಕ್ಕ ಟೀಚರ್ ಇಲ್ರಿ ಸರ್" ಎಂದಳು ಗಾಳೆಮ್ಮ.

ದೊಡ್ಡಬಸಪ್ಪ ಮಾಸ್ತರರ ಮುಖದ ಮೇಲಿನ ಸಿಟ್ಟು ಇಳಿದುಹೋಯಿತು. "ಇಲ್ಲ? ಮತ್ತ ಯಾರು ಕಲಿಸ್ತಾರ?"

"ಯಾರೂ ಇಲ್ರಿ. ನಾವ ಓದ್ಕೋತೀವ್ರಿ."

ಮಾಸ್ತರು ಹಾಳೆ ಹಿಂದಕ್ಕೆ ಕೊಟ್ಟರು. "ಬರಿಯವ್ವ" ಎಂದರು ಮೆತ್ತಗೆ. ಆದರೂ ನಿಯಮ ನಿಯಮವೇ ನೋಡಿ, ಹುಡುಗಿಯನ್ನು ಎಬ್ಬಿಸಿ ಎಲ್ಲರಿಗಿಂತ ಮುಂದೆ, ಸುರೇಖಾ ಟೀಚರ ಮೇಜಿನ ಎದುರಿಗೇ ಕೂರಿಸಿ, "ಆ ಕಡೆ ಈ ಕಡೆ ನೋಡಬ್ಯಾಡ, ಮೇಡಂ ಅವರನ್ನಷ್ಟ ನೋಡು" ಎಂದರು. ಟೀಚರ ಕಿವಿಯ ಹತ್ತಿರ ಬಗ್ಗಿ ಹೇಳಿದರು: "ನೋಡ್ರಿ ಮೇಡಂ, ಟೀಚರ್ ಇಲ್ಲದ ಸಾಲಿ ಹುಡುಗ್ರು ಹೆಂಗ ಪರದಾಡ್ತಾವ. ನೋಡಿದ್ರ ಹೊಟ್ಟ್ಯಾಗ ಸಂಕಟ ಆಕ್ಕೈತಿ."

"ಹೌದ್ರಿ" ಎಂದರು ಸುರೇಖಾ ಟೀಚರ್. ಆ ಒಂದು ಮಾತಿಗೆ ಮಾತ್ರ ಬಾಯಿ ಬಂತು.

ಗಾಳೆಮ್ಮ ಅಲ್ಲಿಂದ ಮುಂದೆ ಕತ್ತು ಹೊರಳಿಸಲಿಲ್ಲ. ಪೆನ್ನು ಎತ್ತುತ್ತಿದ್ದಳು, ಇಳಿಸುತ್ತಿದ್ದಳು. ಗಂಟೆ ಹೊಡೆದಾಗ ಹಾಳೆ ತೆಗೆದುಕೊಂಡವರು ಸುರೇಖಾ ಟೀಚರೇ. ಕೆಳಗಿನ ಗುಂಡುಗಳೆಲ್ಲ ಖಾಲಿ ಇದ್ದವು.

ವಾಪಸು ಬರುವಾಗ ಟೀಚರ್ ಎಲ್ಲ ಮಕ್ಕಳಿಗೂ ಮಂಡಕ್ಕಿ, ಮಿರ್ಚಿ ಕೊಡಿಸಿದರು. ಗಾಳೆಮ್ಮನಿಗೆ ಇನ್ನೊಂದು ಮಿರ್ಚಿ ಹೆಚ್ಚಿಗೆ ಹಾಕಲು ಹೋದರೆ ಹುಡುಗಿ "ಸಾಕ್ರಿ ಟೀಚರ್" ಎಂದು ಪೊಟ್ಟಣ ಮುಚ್ಚಿಕೊಂಡಳು. ಟಂಟಂ ಸದ್ದಿನಲ್ಲಿ ಟೀಚರ್ ಕೇಳಿದರು, "ಯಾಕ ಹಂಗ ಅಂದಿ?"

"ನಿಮ್ಮ ಹೆಸರು ಹೇಳಿದ್ರ ಆ ಸರ್ ನಿಮ್ಮನ್ನ ಬೈತಿದ್ರು ರೀ. ಅಷ್ಟು ಮಂದ್ಯಾಗ ನಿಮಗ ಬೈಸ್ಕೊಳ್ಳೂದು ಛಲೋ ಕಾಣ್ತಿದ್ದಿಲ್ಲ."

ಹುಡುಗಿಯ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಟೀಚರ್ ಆ ರಾತ್ರಿ ನಿದ್ದೆ ಮಾಡುತ್ತಿದ್ದರೇನೋ. ನಾಳೆ ಮಾರೆವ್ವನ ಮನೆಗೆ ಹೋಗಿ ಎಲ್ಲ ಹೇಳುತ್ತೇನೆ ಎಂದುಕೊಂಡರು. ನಾಳೆ ಬಂತು, ಸಂತೆಯ ದಿನವೂ ಬಂತು, ಟೀಚರ್ ಹೋಗಲಿಲ್ಲ. ದಿನಾ ಹಾಜರಿ ಕರೆಯುವಾಗ ಗಾಳೆಮ್ಮನ ಹೆಸರು ಬಂದರೆ ದನಿ ಇಳಿಸುತ್ತಿದ್ದರು.

ಶನಿವಾರ ಮುಂಜಾನೆಯ ಶಾಲೆ ಬಿಟ್ಟ ಮೇಲೂ ಟೀಚರ್ ಎಂಟನೇ ತರಗತಿಯನ್ನು ಪುನರಾವರ್ತನೆಗೆ ನಿಲ್ಲಿಸಿಕೊಂಡಿದ್ದರು. ಹೊರಗೆ ಮೋಟಾರ್ ಸೈಕಲ್ ನಿಂತ ಸದ್ದಾಯಿತು. ಬಾಗಿಲಲ್ಲಿ ದೊಡ್ಡಬಸಪ್ಪ ಮಾಸ್ತರು. ಒಂದು ಕೈಯಲ್ಲಿ ಹಲಗೆಯ ಮೇಲೆ ವೃತ್ತ ಬರೆಯುವ ದೊಡ್ಡ ಮರದ ಕೈವಾರ, ಇನ್ನೊಂದು ಕೈಯಲ್ಲಿ ಮಕ್ಕಳಿಗೆಂದು ತಂದ ಬಿಸ್ಕೀಟಿನ ಪೊಟ್ಟಣಗಳು.

"ನಮಸ್ಕಾರ್ರಿ. ಈ ಸಾಲಿಗೆ ಗಣಿತಕ್ಕ ಟೀಚರ್ ಇಲ್ಲಂತ ಕೇಳಿದ್ದೆ. ವಾರಕ್ಕ ಒಂದು ದಿನ ನಾನ ಬಂದು ಕಲಿಸ್ಲೇನು ಅಂತ..." ಎನ್ನುತ್ತ ಒಳಗೆ ಬಂದವರು ಸುರೇಖಾ ಟೀಚರನ್ನು ನೋಡಿ ನಿಂತರು. "ಅರೆ, ಮೇಡಂ? ನೀವು ಇಲ್ಲಿ?"

ಟೀಚರ ಕೈಯಲ್ಲಿ ಗಣಿತದ ಪುಸ್ತಕವಿತ್ತು, ಹಿಂದೆ ಹಲಗೆಯ ತುಂಬ ಭಿನ್ನರಾಶಿ. ಮಾಸ್ತರು ಹಲಗೆ ನೋಡಿದರು, ಪುಸ್ತಕ ನೋಡಿದರು.

ಹಿಂದಿನ ಬೆಂಚಿನಿಂದ ಗಾಳೆಮ್ಮ ಎದ್ದು ನಿಂತಳು. "ಸರ್, ಇವರು ಹೊಸಾ ಟೀಚರ್ ರೀ. ಮೊನ್ನೆ ಸೋಮವಾರ ಬಂದಾರ್ರಿ. ಹೌದಲ್ರಿ ಟೀಚರ್?"

ಎಷ್ಟು ಸರಾಗ! ಒಂದು ಸಲವೂ ತಡವರಿಸಲಿಲ್ಲ, ಯಾವ ಕಡೆಯೂ ಕತ್ತು ಹೊರಳಿಸಲಿಲ್ಲ. ಉಳಿದ ಮಕ್ಕಳು ಒಂದು ಗಳಿಗೆ ಮುಖ ಮುಖ ನೋಡಿಕೊಂಡು, ಆಮೇಲೆ ಹೌದು ಹೌದು ಎಂದು ತಲೆಯಾಡಿಸತೊಡಗಿದರು. ಇಡೀ ತರಗತಿಗೆ ಸುಳ್ಳು ಹೇಳಲು ಕಲಿಸಿದ್ದೇನೆ, ಅದೊಂದೇ ಇವರಿಗೆ ಅರ್ಥವಾದ ಪಾಠ ಎಂದು ಸುರೇಖಾ ಟೀಚರಿಗೆ ಹೊಳೆಯಿತು. ಹೌದು ಎಂದರೆ ಮುಗಿಯಿತು. ಮಾಸ್ತರು ಬಿಸ್ಕೀಟು ಹಂಚಿ ಹೋಗುತ್ತಾರೆ.

"ಇಲ್ರಿ ಸರ್" ಎಂದರು. "ನಾಕು ವರ್ಷ ಆತು, ಈ ಸಾಲಿ ಗಣಿತದ ಟೀಚರ್ ನಾನ. ಆಕಿ ಅವತ್ತು ಹೇಳಿದ್ದೂ ಸುಳ್ಳು, ಈಗ ಹೇಳಿದ್ದೂ ಸುಳ್ಳು. ಆಕಿ ಕಾಪಿ ಹೊಡೀಲಿಲ್ಲ. ನಾ ಅಲ್ಲೇ ಕುಂತು ಬಾಯಿ ಮುಚ್ಚಿಕೊಂಡಿದ್ದೆ. ತಪ್ಪು ನಂದು. ಮುಖ್ಯಸ್ಥರಿಗೂ ಬರದು ಕೊಡ್ತೀನಿ."

ದೊಡ್ಡಬಸಪ್ಪ ಮಾಸ್ತರು ಕೈವಾರವನ್ನು ಮೇಜಿನ ಮೇಲೆ ಇಟ್ಟರು. ಅವರ ಕಣ್ಣು ಟೀಚರ ಮೇಲೆ ನಿಲ್ಲಲಿಲ್ಲ, ಸೀದಾ ಗಾಳೆಮ್ಮನ ಮೇಲೆ ಹೋಯಿತು. "ಇಷ್ಟು ಸಣ್ಣಾಕಿ, ಇಷ್ಟು ಸುಳ್ಳು ಹೇಳ್ತೀಯೇನು ತಂಗೀ?" ಎಂದರು. ಸಿಟ್ಟಿನಿಂದಲ್ಲ, ಬಲು ಬೇಸರದಿಂದ.

ಗಾಳೆಮ್ಮನ ಮುಖ ಕಪ್ಪಿಟ್ಟಿತು. ಪರೀಕ್ಷೆಯಲ್ಲಿ ಹಾಳೆ ಕಸಿದಾಗ ಅಳದ ಹುಡುಗಿಯ ಕಣ್ಣಲ್ಲಿ ಈಗ ನೀರು. ತಪ್ಪು ನನ್ನದು ಎಂದು ಟೀಚರ್ ಮತ್ತೊಮ್ಮೆ ಹೇಳಿದರು, ಗಟ್ಟಿಯಾಗಿಯೇ ಹೇಳಿದರು. ಯಾರೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಅವರು ಬೆಂಚುಗಳ ನಡುವೆ ಹೋಗಿ ಹುಡುಗಿಯ ಹೆಗಲ ಮೇಲೆ ಕೈಯಿಡಲು ನೋಡಿದರು. ಗಾಳೆಮ್ಮ ಹೆಗಲು ಸರಿಸಿಕೊಂಡಳು.

"ಅವತ್ತು ನಾ ನಿಮ್ಮ ಹೆಸರು ಹೇಳಿದ್ನೇನ್ರಿ, ಟೀಚರ್?" ಎಂದು ಕೇಳಿದಳು.