ತಪ್ಪು ಹುಂಜ

ನನ್ನ ಮಾಜಿ ಗಂಡ ತಾಯಿಕೋಳಿಗಳಿರುವ ಮೂರನೇ ಶೆಡ್ಡಿಗೆ ತಪ್ಪು ಹುಂಜಗಳನ್ನು ಬಿಡುವುದನ್ನು ಕಣ್ಣಾರೆ ನೋಡಿದೆ. ತುಟಿ ಪಿಟಕ್ಕೆನ್ನಲಿಲ್ಲ. ಎರಡೂ ಹೆಣ್ಣೇ ಹೆತ್ತೆನೆಂದು ಆರು ವರ್ಷದ ಹಿಂದೆ ನನ್ನನ್ನೂ ಮಕ್ಕಳನ್ನೂ ಬೀದಿಗೆ ತಳ್ಳಿದ ಮಹಾನುಭಾವ, ಈಗ ನಾನು ದುಡಿಯುವ ಕೋಳಿಮರಿ ಕೇಂದ್ರಕ್ಕೇ ಮ್ಯಾನೇಜರ್ ಆಗಿ ಬಂದು ವಕ್ಕರಿಸಿದ್ದ. ಬಂದ ದಿನದಿಂದಲೇ ನನ್ನನ್ನು ತೆಗೆಸಲು ನೆವ ಹುಡುಕುತ್ತಿದ್ದ.

ನನ್ನ ಕೆಲಸ ಮರಿ ಬೇರ್ಪಡಿಸುವುದು. ಒಂದು ದಿನದ ಮರಿಯ ರೆಕ್ಕೆ ಬಿಡಿಸಿ ನೋಡುತ್ತೇನೆ. ಗರಿ ಒಂದುದ್ದ ಒಂದು ಗಿಡ್ಡ ಇದ್ದರೆ ಹೆಣ್ಣು, ಒಂದೇ ಸಮ ಇದ್ದರೆ ಗಂಡು. ಆದರೆ ಇದು ನಡೆಯಬೇಕಾದರೆ ತಾಯಿ ನಿಧಾನವಾಗಿ ಗರಿ ಬರುವ ತಳಿಯದಾಗಿರಬೇಕು, ತಂದೆ ಬೇಗ ಗರಿ ಬರುವ ತಳಿಯದು. ಆಗ ಅಪ್ಪನ ಗರಿ ಮಗಳಿಗೆ, ಅಮ್ಮನ ಗರಿ ಮಗನಿಗೆ. ಇವನೋ, ದಪ್ಪಗಿವೆಯೆಂದು ತಾಯಿಯ ತಳಿಯ ಹುಂಜಗಳನ್ನೇ ಬಿಟ್ಟಿದ್ದ.

ಮೊಟ್ಟೆ ಇಟ್ಟು, ಕಾವು ಕೊಟ್ಟು, ಮರಿಯಾಗಬೇಕು. ಆರು ವಾರ ಹಲ್ಲು ಕಚ್ಚಿ ಕಾದೆ.

ಆ ಬೆಳಿಗ್ಗೆ ಟ್ರೇ ಮೇಲೆ ಟ್ರೇ ಬಂತು. ಎಲ್ಲ ರೆಕ್ಕೆಗಳೂ ಒಂದೇ ಸಮ. ಬೇಕೆಂದೇ ಎಲ್ಲವನ್ನೂ ಗಂಡಿನ ಡಬ್ಬಕ್ಕೆ ಹಾಕಿದೆ. ಅವನು ಓಡಿಹೋಗಿ ಯಜಮಾನರನ್ನು ಕರೆತಂದ.

"ನೋಡಿ ಸಾರ್, ಇವಳ ಕಣ್ಣೇ ಹೋಗಿದೆ. ಮನೇಲಿ ಬರೀ ಹೆಣ್ಣು ಹೆತ್ತಳು, ಇಲ್ಲಿ ಬರೀ ಗಂಡು ಅಂತಾಳೆ. ಇವತ್ತೇ ಕಳಿಸಿಬಿಡಿ."

"ಏನಮ್ಮಾ ಇದು?" ಎಂದರು ಯಜಮಾನರು.

ಮರಿಯೊಂದನ್ನು ಮಗುಚಿ, ಬಾಲದಡಿ ಮೆಲ್ಲಗೆ ಒತ್ತಿ ತೋರಿಸಿದೆ. "ಇದು ಹೆಣ್ಣು ಸಾರ್. ಗರಿ ಮಾತ್ರ ಗಂಡಿನ ಥರ ಇದೆ. ಗರಿ ಬಿಟ್ಟು ಬೇರೇನೂ ನೋಡಬೇಡ ಅಂತ ಇವರದೇ ಆರ್ಡರ್. ಮೂರನೇ ಶೆಡ್ಡಿಗೆ ಹೋಗಿ ಹುಂಜಗಳ ಕಾಲಿಗೆ ಹಾಕಿರೋ ತಳಿಯ ಪಟ್ಟಿ ನೋಡಿ, ಅಪ್ಪಂದಿರೇ ಬದಲಾಗಿದ್ದಾರೆ."

ಯಜಮಾನರು ಹೋಗಿ ನೋಡಿ ಬಂದಾಗ ಮುಖ ಕೆಂಡವಾಗಿತ್ತು. "ತಳಿ ಗೊತ್ತಿಲ್ಲದವನಿಗೆ ಇಲ್ಲೇನ್ರೀ ಕೆಲಸ? ಈಗಲೇ ಜಾಗ ಖಾಲಿ ಮಾಡಿ."

ನನ್ನ ಹೊಟ್ಟೆ ತಣ್ಣಗಾಯಿತು.

ಯಜಮಾನರು ಅತ್ತ ಹೋಗುತ್ತಲೇ ಅವನು ಹತ್ತಿರ ಬಂದ. "ನಿನಗೆ ಮೊದಲೇ ಗೊತ್ತಿತ್ತು ಅಲ್ವಾ? ಒಂದು ಮಾತು ಹೇಳಬಾರದಿತ್ತಾ?"

"ಮಗು ಹೆಣ್ಣೋ ಗಂಡೋ ಆಗೋದು ಅಪ್ಪನಿಂದ ಅಂತ ಡಾಕ್ಟರು ನಿಮ್ಮೆದುರಿಗೇ ಹೇಳಿದ್ರು. ಕೇಳಿದ್ರಾ? ತಾಯಿಂದ ಆಗೋದು ಕೋಳಿಗಳಲ್ಲಿ. ನಾವು ಕೋಳಿಗಳಾಗಿದ್ದಿದ್ರೆ ನಂದೇ ತಪ್ಪು ಅಂತ ಒಪ್ಕೊಳ್ತಿದ್ದೆ."

ಅವನು ಬ್ಯಾಗು ಹಿಡಿದು ಗೇಟು ದಾಟುವವರೆಗೂ ಕಿಟಕಿಯಲ್ಲಿ ನಿಂತು ನೋಡಿದೆ. ನನ್ನನ್ನು ಹೊರಗೆ ಹಾಕಿದ ದಿನ ಅವನೂ ಹೀಗೆಯೇ ನಿಂತು ನೋಡಿದ್ದ.