ರಾಶಿ ತಣ್ಣಗಿದೆ

ಒದ್ದೆ ಮರದಪುಡಿ ಒಳಗೊಳಗೇ ಬೇಯುತ್ತದೆ ಎಂದರೆ ಹೊಸಬರು ನಗುತ್ತಾರೆ. ನಗಲಿ. ನಮ್ಮ ಕಾರ್ಖಾನೆಯ ಅಂಗಳದಲ್ಲಿ ಎರಡಾಳು ಎತ್ತರದ ಮೂರು ರಾಶಿಗಳಿವೆ. ಒಂದು ಸಾಮಿಲ್‌ನಿಂದ ಬರುವ ಮರದಪುಡಿ, ಇನ್ನೊಂದು ಕಾಳು ಬಿಡಿಸಿದ ಮುಸುಕಿನ ಜೋಳದ ದಿಂಡು, ಮೂರನೆಯದು ರಸ್ತೆ ಬದಿಯಲ್ಲಿ ಕಡಿದ ಕೊಂಬೆಗಳ ಚೂರು. ಊರಿನವರಿಗೆ ಅದು ಕಸ. ನಾವು ಅದನ್ನು ಒಣಗಿಸಿ, ಪುಡಿಮಾಡಿ, ಯಂತ್ರದಲ್ಲಿ ಒತ್ತಿ, ಬೆರಳಿನ ಗಾತ್ರದ ಉರುವಲು ತುಂಡು, ಅಂದರೆ ಪೆಲೆಟ್, ಮಾಡುತ್ತೇವೆ. ಎದುರಿನ ಆಸ್ಪತ್ರೆಯ ಬಾಯ್ಲರ್ ಬದುಕಿರುವುದೇ ಅದನ್ನು ತಿಂದು. ಮೊದಲು ಅಲ್ಲಿ ಡೀಸೆಲ್ ಸುಡುತ್ತಿದ್ದರು.

ತೇವ ಸಿಕ್ಕಿಕೊಂಡರೆ ರಾಶಿಯ ಹೊಟ್ಟೆ ಕಾಯತೊಡಗುತ್ತದೆ. ಹೊರಗಿನಿಂದ ಸುಲಭಕ್ಕೆ ಗೊತ್ತಾಗುವುದಿಲ್ಲ, ಒಂದು ದಿನ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ನಾನಿರುವುದು ಅದಕ್ಕೇ. ಉದ್ದನೆಯ ಕಬ್ಬಿಣದ ಸರಳನ್ನು ರಾಶಿಯೊಳಗೆ ತೂರಿಸಿ, ಅರ್ಧ ಗಂಟೆ ಬಿಟ್ಟು, ಎಳೆದು, ಒಳಗಿದ್ದ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಎಣಿಸಬೇಕು. ಹತ್ತರವರೆಗೆ ಹಿಡಿಯಲು ಆದರೆ ರಾಶಿ ತಣ್ಣಗಿದೆ. ಐದಕ್ಕೇ ಕೈಬಿಟ್ಟರೆ ನಿಂತ ನಿಲುವಿನಲ್ಲೇ ರಾಶಿ ಒಡೆಯಬೇಕು. ಇದನ್ನು ಕಲಿಸಿದ್ದು ನನ್ನ ಗಂಡ. ಅವರು ತೀರಿಕೊಂಡು ಎಂಟು ತಿಂಗಳಾಯಿತು.

ನಾನು ಅಳಲಿಲ್ಲ. ಎಲ್ಲರೂ ನನ್ನನ್ನು ಗಟ್ಟಿಗಿತ್ತಿ ಎಂದರು. ಹಾಗೆಂದವರ ಮೇಲೆ ನನಗೆ ಈಗಲೂ ಸಿಟ್ಟಿದೆ. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಬೆಳಿಗ್ಗೆ ಏಳುತ್ತೇನೆ, ಮನೆಗೆ ಬೀಗ ಹಾಕುತ್ತೇನೆ, ಅಂಗಳಕ್ಕೆ ಬರುತ್ತೇನೆ. ಸಂಜೆ ಬೀಗ ತೆಗೆಯುತ್ತೇನೆ. ನಡುವೆ ಈ ಕೆಲಸ ಇಲ್ಲದಿದ್ದರೆ ಏಳುವ ಅಗತ್ಯವೇ ಇರುತ್ತಿರಲಿಲ್ಲ.

ಹೋದ ತಿಂಗಳು ಮ್ಯಾನೇಜರ್ ಮೇಡಂ ರಾಶಿಯ ಬಿಸಿ ನೋಡಲು ಮೀಟರ್ ತರಿಸುತ್ತೇನೆಂದರು. ಒತ್ತುಯಂತ್ರ ನಡೆಸುವ ನನ್ನ ಮೈದುನ ಅಡ್ಡ ಬಂದ.

"ನಮ್ಮ ಅತ್ತಿಗೆಯ ಕೈ ಇರೋವಾಗ ಮೀಟರ್ ಯಾಕೆ ಮೇಡಂ? ಅದಕ್ಕೆ ಬ್ಯಾಟರಿ ಬೇಕು. ಅತ್ತಿಗೆಗೆ ಒಂದು ಲೋಟ ಚಹಾ ಸಾಕು."

ಮೇಡಂ ನಕ್ಕರು. ಮೀಟರ್ ಮಾತು ಅಲ್ಲಿಗೇ ನಿಂತಿತು.

ನಾನೂ ನಕ್ಕೆ. ನನ್ನ ಬಲಗೈ ಜೋಮು ಹಿಡಿದು ಎಷ್ಟೋ ಕಾಲವಾಗಿತ್ತು ಎಂದು ಅವನಿಗೆ ಗೊತ್ತಿರಲಿಲ್ಲ. ಬೆರಳ ತುದಿಯಿಂದ ಶುರುವಾಗಿ ಅಂಗೈ ಪೂರ್ತಿ ಹಬ್ಬಿತ್ತು. ಸಕ್ಕರೆ ಕಾಯಿಲೆ ಇದ್ದವರಿಗೆ ಹೀಗೂ ಆಗುತ್ತದಂತೆ, ಮಾತ್ರೆಯನ್ನು ನಾನು ಮೊದಲಿನಿಂದಲೂ ಸರಿಯಾಗಿ ನುಂಗಿದವಳಲ್ಲ. ಬಾಯಿಬಿಟ್ಟರೆ ಕೆಲಸ ಹೋಗುತ್ತದೆ, ಮನೆಯ ಗೋಡೆ ನೋಡುತ್ತಾ ಕೂರಬೇಕು. ಅದಕ್ಕೇ ಸರಳು ಹಿಡಿದು ಹತ್ತರವರೆಗೆ ಎಣಿಸಿ "ತಣ್ಣಗಿದೆ" ಎನ್ನುತ್ತಿದ್ದೆ. ಹುಳಿ ವಾಸನೆ ಇದೆಯೇ, ಬೆಳಗಿನ ಹೊತ್ತು ರಾಶಿಯ ತುದಿಯಲ್ಲಿ ಹಬೆ ಏಳುತ್ತದೆಯೇ ಎಂದು ಮೂಗು ಕಣ್ಣುಗಳಿಂದಲೇ ಹೇಗೋ ದೂಡಿದೆ. ಬಂದ ಸರಕೂ ಅಷ್ಟು ದಿನ ಒಣಗಿಯೇ ಇತ್ತು.

ಮೊನ್ನೆ ಹಸಿ ಕೊಂಬೆಗಳ ಚೂರು ನಾಲ್ಕು ಲೋಡ್ ಬಂದು ಮೂರನೇ ರಾಶಿ ಸೇರಿತ್ತು. ಇವತ್ತು ಬೆಳಿಗ್ಗೆ ನನಗೆ ನೆಗಡಿ, ಮೂಗು ಕಟ್ಟಿತ್ತು, ಮಂಜಿನಲ್ಲಿ ಹಬೆಯೂ ತಿಳಿಯಲಿಲ್ಲ. ಸರಳು ಎಳೆದು ಹಿಡಿದೆ. ಹತ್ತಾಯಿತು. ಮೈದುನ ನೋಡುತ್ತಿದ್ದಾನೆಂದು ಜಂಬಕ್ಕೆ ಹದಿನೈದರವರೆಗೆ ಎಣಿಸಿದೆ.

"ತಣ್ಣಗಿದೆ ಕಣಪ್ಪ."

ಅವನು ಸರಳನ್ನು ಇಸಿದುಕೊಳ್ಳಲು ಕೈ ಹಾಕಿದವನೇ "ಅಯ್ಯೋ" ಎಂದು ಕೆಳಗೆ ಬಿಟ್ಟ. ಸರಳನ್ನು ನೋಡಿದ. ಅದಕ್ಕೆ ನನ್ನ ಅಂಗೈಯ ಚರ್ಮ ಅಂಟಿಕೊಂಡಿತ್ತು.

ಆಮೇಲೆ ಮಾತಾಡಲು ಸಮಯವಿರಲಿಲ್ಲ. ಲೋಡರ್ ತಂದು ರಾಶಿ ಒಡೆದರು. ಒಳಗೆ ಕಪ್ಪಗೆ ಕರಟಿದ ಹಾಗಿತ್ತು, ಗಾಳಿ ಸೋಕಿದ್ದೇ ತಡ ಭಗ್ಗೆಂದು ಹೊತ್ತಿತು. ಮೈದುನ ಪೈಪ್ ಹಿಡಿದು ಮುನ್ನುಗ್ಗಿದ. ಬೆಂಕಿ ಶೆಡ್ಡಿಗೆ ತಾಗುವ ಮೊದಲು ಆರಿತು. ಅರ್ಧ ರಾಶಿ ಹೋಯಿತು, ಜನಕ್ಕೇನೂ ಆಗಲಿಲ್ಲ. ಮೇಡಂ ಫೋನ್ ತೆಗೆದು ಮೀಟರ್ ಕಳಿಸಲು ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಮೈದುನ ನನ್ನನ್ನು ನಲ್ಲಿಯ ಹತ್ತಿರ ಕರೆದೊಯ್ದು, ಕೈ ಹಿಡಿದು ನೀರಿನ ಕೆಳಗಿಟ್ಟ.

"ಉರೀತಿಲ್ವಾ ಅತ್ತಿಗೆ?"

"ಇಲ್ಲ."

"ಸ್ವಲ್ಪಾನೂ?"

"ಇಲ್ಲ ಅಂದ್ನಲ್ಲ."

ಅವನ ಕಣ್ಣು ತುಂಬಿತು. ನನಗಾಗಿ ಒಬ್ಬರು ಅಳುತ್ತಿದ್ದಾರೆ ಎಂದು ತಿಳಿಯಿತು, ಅಷ್ಟೇ.

"ಅಣ್ಣ ಹೋದ ಮೇಲೆ ನೀವು ಎಲ್ಲಾನೂ ಒಳಗೇ ಇಟ್ಕೊಂಡ್ರಿ. ಅದಕ್ಕೇ ಹೀಗಾಗಿದೆ. ಯಾವಾಗಿಂದ?"

ಸುಳ್ಳು ಹೇಳಬಹುದಿತ್ತು. ಅವನೇ ದಾರಿ ಮಾಡಿಕೊಟ್ಟಿದ್ದ. ಆದರೆ ನನ್ನ ಕೈಯನ್ನು ನಂಬಿ ಮೇಡಂ ಎದುರು ನಿಂತವನು, ಬೆಂಕಿಯ ಮುಂದೆ ನಿಂತವನು ಅವನು.

"ಅವರು ಹೋಗೋಕೆ ಮುಂಚಿನಿಂದ್ಲೇ. ಆವತ್ತು ಆಸ್ಪತ್ರೆಗೆ ನೀನು ಫೋನ್ ಮಾಡಿ, ಅಣ್ಣನ ಕೈ ಬೆಚ್ಚಗಿದ್ಯಾ ಅಂತ ಕೇಳ್ದೆ. ನಾನು ಅವರ ಕೈ ಹಿಡ್ಕೊಂಡೇ ಕೂತಿದ್ದೆ. ನಿದ್ದೆ ಮಾಡ್ತಿದಾರೆ ಅಂದ್ಕೊಂಡಿದ್ದೆ. ಬೆಚ್ಚಗಿದೆ, ನಿಧಾನಕ್ಕೆ ಬಾ ಅಂದೆ. ಆಮೇಲೆ ನರ್ಸ್ ಬಂದು ಮುಟ್ಟಿ ನೋಡಿ, ಜೀವ ಹೋಗಿ ತುಂಬ ಹೊತ್ತಾಗಿದೆ ಅಂದ್ರು. ನಂಗೆ ಗೊತ್ತೇ ಆಗ್ಲಿಲ್ಲ ಕಣಪ್ಪ."

ನೀರು ಬೀಳುತ್ತಲೇ ಇತ್ತು. ಅವನು ಆವತ್ತು ಸರಕು ತರಲು ದೂರದ ಸಾಮಿಲ್‌ಗೆ ಹೋಗಿದ್ದ. ಬಂದು ಸೇರುವಷ್ಟರಲ್ಲಿ ಹಾಸಿಗೆಗೆ ಬೇರೆ ಚಾದರ ಹಾಸಿಯಾಗಿತ್ತು.

"ನೀವು ಬೆಚ್ಚಗಿದೆ ಅಂದಿದ್ದಕ್ಕೆ," ಅವನು ನಲ್ಲಿಯನ್ನೇ ನೋಡುತ್ತಾ ಹೇಳಿದ, "ನಾನು ಇನ್ನೊಂದು ಲೋಡ್ ತುಂಬಿಸಿಕೊಂಡು ಹೊರಟೆ."

ತಲೆ ತಗ್ಗಿಸಿದೆ. ಅವನು ನನ್ನ ಕೈ ಬಿಟ್ಟಿದ್ದಾನೆಂದು ತಿಳಿದದ್ದು ಆಗಲೇ, ಕಣ್ಣಿಂದ ನೋಡಿದ ಮೇಲೆ.