ವೇಣು ಅಂಚಿಗೆ ಹಾಕಿದ ಬಣ್ಣ

ದೊಡ್ಡಬಳ್ಳಾಪುರದ ಆ ಮಗ್ಗದ ಬೀದಿಯಲ್ಲಿ, ಸೀರೆ ವಿನ್ಯಾಸಕ್ಕೆಂದು ಸ್ಕೀಮ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆದವರು ಇಬ್ಬರೇ: ವಾಣಿ, ಅವಳ ಗಂಡ ವೇಣುಗೋಪಾಲ್. ಹೋದ ಆಷಾಢದಲ್ಲಿ ವೇಣು ತೀರಿಕೊಂಡ. ಇನ್ನು ಅದರ ಸುಖದುಃಖವನ್ನು ವಾಣಿ ಯಾರ ಹತ್ತಿರ ಹೇಳಿಕೊಳ್ಳಬೇಕು, ಮಗ್ಗದ ಹತ್ತಿರವೇ?

ಪ್ರೋಗ್ರಾಂ ಮಾತ್ರ ಚೊಕ್ಕವಾಗಿತ್ತು. 'ಬಣ್ಣ' ಎಂಬ ಒಂದೇ ಜೆನೆರಿಕ್ ಫಂಕ್ಷನ್. ಅಂಚು ಕೊಟ್ಟರೆ ಅಂಚಿಗೆ ತಕ್ಕ ಉತ್ತರ, ಸೆರಗು ಕೊಟ್ಟರೆ ಸೆರಗಿಗೆ ತಕ್ಕದ್ದು. ಬಣ್ಣ ಬದಲಿಸಲು ಅದರ ಜೋಡಿ ಸೆಟ್ಟರ್. ಜಗಳವಾದದ್ದು ಒಂದಕ್ಕೇ. ಹೊಸ ಸೀರೆಗೂ ಹಳೆಯದರ ಅಂಚನ್ನೇ ಜೋಡಿಸೋಣ, ಒಂದೊಂದಕ್ಕೂ ಬೇರೆ ನಕಲು ಯಾಕೆ ಎಂದಿದ್ದಳು ವಾಣಿ.

"ಬೇಡ ಕಣೇ," ಎಂದಿದ್ದ ವೇಣು. "ಒಂದಕ್ಕೆ ಬಣ್ಣ ಹಾಕಿದ್ರೆ ಇನ್ನೊಂದಕ್ಕೂ ಹತ್ಕೊಳ್ಳುತ್ತೆ."

"ನೋಡ್ಕೊಂಡು ಹಾಕಿದ್ರಾಯ್ತಪ್ಪ!"

ಗೆದ್ದವಳು ಅವಳೇ, ಹಠಮಾರಿ.

ಮೊನ್ನೆ ಹೊಸ ಸೀರೆಯ ಅಂಚಿಗೆ ಗಿಳಿಹಸಿರು ಹಾಕಿದಳು. ವೇಣು ಕಾಯಿಲೆಯಲ್ಲೇ ಕೂತು ಬಿಡಿಸಿದ್ದ ಕೊನೆಯ ಸೀರೆಯದೇ ಅಂಚು ಅದು. ಪರದೆಯಲ್ಲಿ ಅವನ ಸೀರೆಯ ಅಂಚೂ ಹಸಿರಾಯಿತು. ಅಯ್ಯೋ! ಹಳೇ ಬಣ್ಣವನ್ನು ಸೆಟ್ಟರ್ ಎತ್ತಿಡುವುದಿಲ್ಲ; ಬ್ಯಾಕಪ್ ಇಡುವ ಅಭ್ಯಾಸ ಅವನದಾಗಿತ್ತು, ಇವಳದಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅದಕ್ಕಿಂತ ಸಂಕಟವೆಂದರೆ, ಆ ಬಣ್ಣ ಯಾವುದೆಂದು ಅವಳಿಗೆ ಸರಿಯಾಗಿ ನೆನಪಿರಲಿಲ್ಲ. ಪಕ್ಕದಲ್ಲೇ ಕೂತು ನೋಡಿದವಳು! ನಾಚಿಕೆಯಾಗಿ ಅತ್ತಳು.

ಆ ವಿನ್ಯಾಸದಲ್ಲಿ ನೇಯ್ದದ್ದು ಒಂದೇ ಸೀರೆ, ಹೊಸಕೋಟೆಯಲ್ಲಿದ್ದ ವೇಣುವಿನ ಅಕ್ಕ ವರಲಕ್ಷ್ಮಮ್ಮನಿಗೆ. ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟು ವಾಣಿ ಬಸ್ಸು ಹತ್ತಿದಳು.

"ಮಡಿಕೆನೇ ಬಿಚ್ಚಿಲ್ಲ ಕಣಮ್ಮ," ಎಂದು ವರಲಕ್ಷ್ಮಮ್ಮ ಬೀರು ತೆಗೆದಳು. "ಉಟ್ರೆ ಸವೆದೋಗುತ್ತೆ ಅಂತ."

ಇಬ್ಬರೂ ಅಂಚನ್ನು ಬಿಸಿಲಿಗೆ ಹಿಡಿದರು. ಮಾವಿನ ಚಿಗುರಿನ ಕೆಂಪು. ವಾಣಿ ಪರದೆಯಲ್ಲಿ ಹೊಂದಿಸುತ್ತ ಹೋದಳು.

"ಇನ್ನೊಂಚೂರು ಕಂದು... ಹ್ಞಾಂ, ಅದೇ! ಇವತ್ತು ಇಲ್ಲೇ ಇದ್ಬಿಡು."

"ಇಲ್ಲ ಅಕ್ಕ, ಬರ್ತೀನಿ."

ಮನೆಗೆ ಬಂದವಳೇ ವೇಣುವಿನ ಸೀರೆಗೆ ಬೇರೆ ಅಂಚು ಮಾಡಿ ಆ ಕೆಂಪನ್ನು ತುಂಬಿದಳು. ಆ ಅಂಚೊಂದಕ್ಕೇ ಅನ್ವಯಿಸುವ ಹಾಗೆ ಸೆಟ್ಟರ್‌ಗೆ ಇನ್ನೊಂದು ಮೆಥಡ್, ಅಂದರೆ ಬೇರೆಯೇ ನಿಯಮ, ಬರೆದಳು: ಯಾರು ಕೇಳಿದರೂ ಬಣ್ಣ ಬದಲಿಸಬಾರದು, ಒಂದು ಉತ್ತರ ಕೊಟ್ಟು ಸುಮ್ಮನಾಗಬೇಕು. ಪರೀಕ್ಷೆಗೆಂದು ಹಸಿರು ಹಾಕಿ ನೋಡಿದಳು.

'ಬೇಡ ಕಣೇ' ಎಂದಿತು ಪರದೆ.

ಪರೀಕ್ಷೆಗೆ ಒಂದು ಸಲ ಸಾಕಿತ್ತು. ವಾಣಿ ಹಳದಿ ಹಾಕಿದಳು. ನೀಲಿ ಹಾಕಿದಳು. ಊಟದ ಹೊತ್ತು ಮೀರಿದರೂ ಹಾಕುತ್ತಲೇ ಇದ್ದಳು.